ವಿಯೆನ್ನಾದ ಕೆಂಪು ಹೊದಿಕೆಯ ಪತ್ರಿಕೆ

ಪುಸ್ತಕ ಕಳಿಸಬೇಡಿ. ಪತ್ರಿಕೆ ಬೇಡ, ಆಮಂತ್ರಣ ಬೇಡ, ಪೇಪರ್ ಕಟಿಂಗ್ ಬೇಡ, ಹಸ್ತಪ್ರತಿ ಬೇಡ, ಪತ್ರ ಬರೆಯುವುದೂ ಬೇಡ. ವಾಪಸು ಕಳಿಸಲೆಂದು ಯಾರಾದರೂ ಅಂಚೆಚೀಟಿ ಇಟ್ಟಿದ್ದರೆ ಅದು ದಾನಧರ್ಮಕ್ಕೆ ಹೋಗುತ್ತದೆ. ವಿಯೆನ್ನಾದಲ್ಲಿ ಕಾರ್ಲ್ ಕ್ರೌಸ್ ನಡೆಸುತ್ತಿದ್ದ ‘ಡಿ ಫಾಕೆಲ್’ ಪತ್ರಿಕೆಯ ಹೊದಿಕೆಯಲ್ಲಿ ವರ್ಷಾನುಗಟ್ಟಲೆ ಬರುತ್ತಿದ್ದ ಪ್ರಕಟಣೆಯ ಸಾರಾಂಶ ಇದು. ಫಾಕೆಲ್ ಎಂದರೆ ದೀವಟಿಗೆ.

ಡೆಸ್ಕಿನಲ್ಲೇ ತಲೆ ಹಣ್ಣಾದವಳು ನಾನು. ಒಂದು ಪತ್ರಿಕಾ ಕಚೇರಿಗೆ ದಿನಕ್ಕೆ ಏನೇನು ಬಂದು ಬೀಳುತ್ತದೆ ಎಂಬುದು ನನಗೆ ಗೊತ್ತು. ವಿಮರ್ಶೆಗೆಂದು ಎರಡೆರಡು ಪ್ರತಿ ಪುಸ್ತಕ, ಉದ್ಘಾಟನೆಯ ಕಾರ್ಡು, ದೀಪಾವಳಿಯ ಡ್ರೈಫ್ರೂಟ್ಸ್ ಡಬ್ಬಿ, ಪ್ರೆಸ್ ಮೀಟಿನಲ್ಲಿ ಫೈಲಿನ ನಡುವೆ ಇಟ್ಟುಕೊಡುವ ಕವರ್. ಬೇಡ ಎಂದವರನ್ನು ಕಂಡಿದ್ದೇನೆ, ಬೇಡ ಎನ್ನುತ್ತಲೇ ಕೈ ಚಾಚಿದವರನ್ನೂ ಕಂಡಿದ್ದೇನೆ. ಆದರೆ ಇದ್ಯಾವುದೂ ನನ್ನ ಬಾಗಿಲಿಗೇ ಬರಬಾರದು ಎಂದು ಹೊದಿಕೆಯ ಮೇಲೆ ಅಚ್ಚುಹಾಕಿಸಿದವನನ್ನು ಕಾಣಲು ವಿಯೆನ್ನಾದವರೆಗೆ ಹೋಗಬೇಕಾಯಿತು. ಹೋದದ್ದು ಕಂಪ್ಯೂಟರಿನ ಪರದೆಯ ಮೂಲಕ, ಮ್ಯಾಕ್ಸ್ ಮುಲ್ಲರ್ ಭವನದ ಆರಂಭಿಕ ತರಗತಿಯಲ್ಲಿ ಕಲಿತ ಜರ್ಮನ್ ಜೊತೆಗೆ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಕ್ರೌಸನ ಜರ್ಮನ್ ಅಷ್ಟಕ್ಕೆಲ್ಲ ಬಗ್ಗುವುದಲ್ಲ ಎಂಬುದು ಬೇರೆ ಮಾತು.

ಕ್ರೌಸ್ ಹುಟ್ಟಿದ್ದು 1874ರಲ್ಲಿ, ಬೊಹೀಮಿಯಾದ ಯಿಚಿನ್ ಎಂಬ ಊರಿನಲ್ಲಿ. ಅಪ್ಪನದು ಕಾಗದದ ವ್ಯವಹಾರ. ಮಗನಿಗೆ ಮೂರು ವರ್ಷವಾಗುವ ಹೊತ್ತಿಗೆ ಕುಟುಂಬ ವಿಯೆನ್ನಾ ಸೇರಿತು. ಆ ನಗರವನ್ನು ಆಗ ಆಳುತ್ತಿದ್ದವನು ಚಕ್ರವರ್ತಿ ಫ್ರಾನ್ಸ್ ಯೋಸೆಫ್. ಆದರೆ ಓದುಬರಹ ಬಲ್ಲ ವಿಯೆನ್ನಾ ಬೆಳಿಗ್ಗೆ ಏನು ಯೋಚಿಸಬೇಕು ಎಂದು ತೀರ್ಮಾನಿಸುತ್ತಿದ್ದುದು 1864ರಲ್ಲಿ ಶುರುವಾಗಿದ್ದ ‘ನೋಯೆ ಫ್ರಾಯೆ ಪ್ರೆಸ್ಸೆ’ ದಿನಪತ್ರಿಕೆ. ಅದರ ಸಂಪಾದಕ ಮೋರಿಟ್ಸ್ ಬೆನೆಡಿಕ್ಟ್. ಮಂತ್ರಿಗಳೂ ಬ್ಯಾಂಕಿನ ನಿರ್ದೇಶಕರೂ ಅವನ ಮರ್ಜಿ ಕಾಯುತ್ತಿದ್ದರು. ಇಪ್ಪತ್ತೈದು ತುಂಬದ ಕ್ರೌಸನಿಗೆ ಆ ಪತ್ರಿಕೆಯಲ್ಲೇ ಲೇಖಕನ ಹುದ್ದೆ ಬಂತು. ಹುಡುಗ ಒಲ್ಲೆನೆಂದ. 1899ರ ಏಪ್ರಿಲ್ 1ರಂದು ಕೆಂಪು ಹೊದಿಕೆಯ ತನ್ನದೇ ಪುಟ್ಟ ಪತ್ರಿಕೆಯನ್ನು ಬೀದಿಗಿಳಿಸಿದ. ಮೊದಲ ಸಂಚಿಕೆಯ ಸುಮಾರು ಮೂವತ್ತು ಸಾವಿರ ಪ್ರತಿಗಳು ಖರ್ಚಾದವು. ಪ್ರೆಸ್ಸೆಯೂ ಅದರ ಓರಗೆಯ ಪತ್ರಿಕೆಗಳೂ ಇದಕ್ಕೆ ಕೊಟ್ಟ ಉತ್ತರ ಒಂದೇ, ಮೌನ. ಕ್ರೌಸ್ ಎಂಬ ಹೆಸರೇ ತಮ್ಮ ಪುಟಗಳಲ್ಲಿ ಕಾಣಬಾರದು ಎಂದು ಅವು ನಿಶ್ಚಯಿಸಿಕೊಂಡವು.

ಇಲ್ಲಿ ದುಡ್ಡಿನ ವಿಷಯ ಹೇಳದಿದ್ದರೆ ಕಥೆ ಪುರಾಣವಾಗಿಬಿಡುತ್ತದೆ. ಅಪ್ಪನ ವ್ಯವಹಾರದಿಂದ ಕ್ರೌಸನಿಗೆ ವರಮಾನ ಬರುತ್ತಿತ್ತು. ಬಾಡಿಗೆ, ಊಟ, ಕಾಫಿಗೆ ಅವನು ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಆರಂಭದಲ್ಲಿ ಫಾಕೆಲ್‌ನಲ್ಲೂ ಒಂದಿಷ್ಟು ಜಾಹೀರಾತುಗಳಿದ್ದವು, ಕಾಲಕ್ರಮೇಣ ಅವೂ ಹೋದವು. ನಮ್ಮಲ್ಲಿ 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತೇ ಬೇಡವೆಂದು ಬರೀ ಓದುಗರ ಕಾಸಿನ ಮೇಲೆ ನಿಂತಿತ್ತು. ನನ್ನ ಕಣ್ಣಿಗೆ ಅದು ಕ್ರೌಸನದಕ್ಕಿಂತ ದೊಡ್ಡ ಧೈರ್ಯ. ಲಂಕೇಶರ ಹಿಂದೆ ಕಾಗದದ ಕಾರ್ಖಾನೆ ಇರಲಿಲ್ಲ.

ಆಗಿನ ವಿಯೆನ್ನಾದ ಪತ್ರಿಕೆಗಳು ಹೇಗಿದ್ದವು ಎಂಬುದು ಫಾಕೆಲ್‌ನ ಮೊದಲ ವರ್ಷಗಳ ಸಂಚಿಕೆಗಳಲ್ಲಿ ಸಾಕಷ್ಟು ಕಾಣುತ್ತದೆ. ಪತ್ರಕರ್ತರಿಗೆ ರೈಲಿನ ಪುಕ್ಕಟೆ ಪಾಸು ಇತ್ತು. ರೈಲು ಕಂಪನಿಯ ಅವ್ಯವಸ್ಥೆಯ ಬಗ್ಗೆ ಬರೆಯಬೇಕಾದವರೂ ಅವರೇ. ಬ್ಯಾಂಕುಗಳಿಂದ ಪತ್ರಿಕೆಗಳಿಗೆ ಇಡಿಗಂಟಾಗಿ ಹಣ ಸಲ್ಲುತ್ತಿತ್ತು, ಕೆಲವೊಮ್ಮೆ ಬರೆದದ್ದಕ್ಕೆ, ಕೆಲವೊಮ್ಮೆ ಬರೆಯದೆ ಇದ್ದದ್ದಕ್ಕೆ. ನಾಟಕ ವಿಮರ್ಶಕರು ತಾವೇ ನಾಟಕ ಬರೆದು, ತಾವು ವಿಮರ್ಶಿಸುವ ಕಂಪನಿಗಳಿಗೇ ಕೊಡುತ್ತಿದ್ದರು. 2009ರ ಚುನಾವಣೆಗಳಾದ ಮೇಲೆ ಪಿ. ಸಾಯಿನಾಥ್ ಮಹಾರಾಷ್ಟ್ರದ ‘ಕಾಸಿಗಾಗಿ ಸುದ್ದಿ’ಯನ್ನು ಬಯಲಿಗೆಳೆದಾಗ ನಮ್ಮ ಕಚೇರಿಯಲ್ಲಿ, ಇದೇನು ಕಾಲ ಬಂತಪ್ಪ, ಎಂದು ನಿಟ್ಟುಸಿರು ಬಿಟ್ಟವರಿದ್ದರು. ಆ ಕಾಲ ಬಂದು ಬಹಳ ದಿನವಾಗಿತ್ತು.

ನಾಟಕ ವಿಮರ್ಶಕರ ಈ ವ್ಯವಹಾರವೇ ಕ್ರೌಸನನ್ನು ಮೊದಲು ಕೋರ್ಟು ಹತ್ತಿಸಿದ್ದು. ಹೆರ್ಮನ್ ಬಾರ್ ಆಗ ಹೆಸರಾಂತ ವಿಮರ್ಶಕ, ನಾಟಕಕಾರ. ಬುಕೋವಿಕ್ಸ್ ಎಂಬ ರಂಗಮಂದಿರದ ನಿರ್ದೇಶಕ ಅವನ ನಾಟಕಗಳನ್ನು ಆಡಿಸುತ್ತಿದ್ದ. ಬಾರ್ ಮನೆ ಕಟ್ಟಿಸಿದ ನಿವೇಶನ ಇದೇ ಬುಕೋವಿಕ್ಸ್ ಕೃಪೆಯಿಂದ ಬಂದದ್ದು ಎಂಬ ಅರ್ಥದಲ್ಲಿ ಕ್ರೌಸ್ ಬರೆದ. ಇಬ್ಬರೂ ಮಾನನಷ್ಟದ ದಾವೆ ಹೂಡಿದರು. 1901ರಲ್ಲಿ ವಿಚಾರಣೆ ನಡೆಯಿತು. ವ್ಯವಹಾರದಲ್ಲಿ ಹೊಲಸಿದೆ ಎಂದು ಊರಿಗೆಲ್ಲ ಅನಿಸಿದ್ದಿರಬಹುದು, ಆದರೆ ನಿವೇಶನ ಲಂಚವೆಂದು ತೋರಿಸುವ ಪುರಾವೆ ಕ್ರೌಸನ ಕೈಯಲ್ಲಿರಲಿಲ್ಲ. ಸೋತ. ದಂಡ ಕಟ್ಟಿದ.

ಮುಂದಿನ ಕ್ರೌಸ್ ರೂಪುಗೊಂಡದ್ದು ಈ ಸೋಲಿನಲ್ಲಿ ಎಂಬುದು ನನ್ನ ಊಹೆ. ವಿದ್ವಾಂಸರು ಬೇರೆ ಕಾರಣಗಳನ್ನು ಹೇಳಿಯಾರು. ಆದರೆ ವರದಿಗಾರರ ಕಾಪಿ ತಿದ್ದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತೆರೆಮರೆಯಲ್ಲಿ ಏನು ನಡೆಯಿತು ಎಂದು ಬರೆಯಲು ಸಾಕ್ಷಿ ಬೇಕು. ಪತ್ರಿಕೆಯಲ್ಲಿ ಅಚ್ಚಾದದ್ದಕ್ಕೆ ಅಚ್ಚೇ ಸಾಕ್ಷಿ. ವರ್ಷಗಳು ಹೋದ ಹಾಗೆ ಅವನು, ಇಂಥವನು ಹಣ ತಿಂದ, ಎಂದು ಬರೆಯುವುದು ಕಡಿಮೆಯಾಯಿತು. ಪ್ರೆಸ್ಸೆಯ ಒಂದು ತುಣುಕನ್ನು ಕತ್ತರಿಸಿ, ಒಂದಕ್ಷರ ಬದಲಿಸದೆ ತನ್ನ ಪುಟದಲ್ಲಿ ಅಂಟಿಸಿ, ಮೇಲೊಂದು ಶೀರ್ಷಿಕೆ ಕೊಟ್ಟು ಸುಮ್ಮನಾಗುವುದು ಜಾಸ್ತಿಯಾಯಿತು. ಓದುಗ ಆ ತುಣುಕನ್ನು ಬೆಳಿಗ್ಗೆ ಕಾಫಿ ಕುಡಿಯುತ್ತ ಓದಿರುತ್ತಿದ್ದ. ಫಾಕೆಲ್‌ನಲ್ಲಿ ಕಂಡಾಗ ಅದೇ ತುಣುಕು ಬೆತ್ತಲೆಯಾಗಿ ನಿಂತಿರುತ್ತಿತ್ತು.

ಇದರ ಭಯಂಕರ ಉದಾಹರಣೆ 1921ರದು. ‘ಬಾಸ್ಲರ್ ನಾಖ್ರಿಖ್ಟೆನ್’ ಎಂಬ ಸ್ವಿಸ್ ಪತ್ರಿಕೆ ವರ್ದುನ್ ರಣರಂಗಕ್ಕೆ ಪ್ರವಾಸ ಏರ್ಪಡಿಸಿ, ಅದರ ಜಾಹೀರಾತು ಹಾಕಿತ್ತು. ಮಲಗುವ ವ್ಯವಸ್ಥೆ, ಪುಷ್ಕಳ ಊಟ, ಕಾರಿನಲ್ಲಿ ಯುದ್ಧಭೂಮಿ ದರ್ಶನ, ಎಲ್ಲ ಸೇರಿ 117 ಫ್ರಾಂಕ್. ಲಕ್ಷಾಂತರ ಹುಡುಗರು ಸತ್ತು ಐದು ವರ್ಷವಾಗಿದ್ದ ನೆಲ ಅದು. ಕ್ರೌಸ್ ಇಡೀ ಜಾಹೀರಾತನ್ನು ಇದ್ದ ಹಾಗೇ ಅಚ್ಚುಹಾಕಿ, ಅದರ ಒಂದೊಂದು ಸವಲತ್ತನ್ನೂ ಹಿಡಿದು ಬರೆದ. ಮಹಾಯುದ್ಧದ ಕುರಿತ ಅವನ ದೈತ್ಯ ನಾಟಕ ‘ಮನುಕುಲದ ಕೊನೆಯ ದಿನಗಳು’ ಕೂಡ ಹೀಗೇ ಕಟ್ಟಿದ್ದು. ಅದರ ಮಾತುಗಳಲ್ಲಿ ದೊಡ್ಡದೊಂದು ಪಾಲು ಪತ್ರಿಕೆ, ಪ್ರಕಟಣೆ, ಭಾಷಣಗಳಿಂದ ಹಾಗೇ ಎತ್ತಿಕೊಂಡವು.

ಬೇರೆಯವರ ಖಾಸಗಿ ಬದುಕಿನ ವಿಷಯದಲ್ಲಿ ಅವನು ಹಾಕಿಕೊಂಡ ಗೆರೆ ಇನ್ನೂ ಬಿಗಿ. ವ್ಯಭಿಚಾರದ ಮೊಕದ್ದಮೆಗಳು ಆಗ ವಿಯೆನ್ನಾದ ಪತ್ರಿಕೆಗಳಿಗೆ ಹಬ್ಬ. ಹೆಂಗಸೊಬ್ಬಳು ಕಟಕಟೆಯಲ್ಲಿ ನಿಂತರೆ ಮರುದಿನ ಅವಳ ಮಂಚದ ಸುದ್ದಿ ಊರ ತುಂಬ. 1902ರಿಂದ ಕ್ರೌಸ್ ಇದರ ಬೆನ್ನು ಹತ್ತಿದ. ಆ ಲೇಖನಗಳು 1908ರಲ್ಲಿ ‘ನೈತಿಕತೆ ಮತ್ತು ಅಪರಾಧ’ ಎಂಬ ಪುಸ್ತಕವಾದವು. ಅವನ ವಾದ ನೇರವಾಗಿದೆ. ಬಲವಂತವಿಲ್ಲದ ಕಡೆ, ವಯಸ್ಕರ ಹಾಸಿಗೆ ನ್ಯಾಯಾಧೀಶನಿಗೂ ಸಂಬಂಧಿಸಿದ್ದಲ್ಲ, ಸಂಪಾದಕನಿಗೂ ಸಂಬಂಧಿಸಿದ್ದಲ್ಲ. ಜೊತೆಗೆ ಅವನು ಇನ್ನೊಂದನ್ನು ತೋರಿಸಿದ. ಮುಂದಿನ ಪುಟದಲ್ಲಿ ನೀತಿ ಬೋಧಿಸುವ ಪತ್ರಿಕೆ ಹಿಂದಿನ ಪುಟದಲ್ಲಿ ‘ಮಸಾಜ್’ ಜಾಹೀರಾತುಗಳಿಂದ ಅದೇ ದಂಧೆಯ ಹಣ ಎಣಿಸುತ್ತಿತ್ತು. ಬರ್ಲಿನ್ನಿನ ಮ್ಯಾಕ್ಸಿಮಿಲಿಯನ್ ಹಾರ್ಡೆನ್ ಕ್ರೌಸನಿಗೆ ಮೊದಲು ಮಾದರಿಯಾಗಿದ್ದವನು. ಅವನೂ ಒಬ್ಬಂಟಿ ಪತ್ರಿಕೆ ನಡೆಸುತ್ತಿದ್ದ. ಜರ್ಮನ್ ಚಕ್ರವರ್ತಿಯ ಆಪ್ತ ಓಯ್ಲೆನ್‌ಬುರ್ಗ್‌ನ ಸಲಿಂಗ ಸಂಬಂಧಗಳನ್ನು ಹಾರ್ಡೆನ್ ರಾಜಕೀಯ ಅಸ್ತ್ರವಾಗಿ ಬಳಸಿದ್ದೇ, 1907ರಲ್ಲಿ ಕ್ರೌಸ್ ಅವನ ಲೆಕ್ಕವನ್ನೂ ಚುಕ್ತಾ ಮಾಡಿದ. ಗುರುವೆಂಬ ದಾಕ್ಷಿಣ್ಯ ನೋಡಲಿಲ್ಲ. ಫಾಕೆಲ್‌ನ ಪುಟಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಈ ಕಾಲದವನ್ನೇ. ನಮ್ಮ ಟಿವಿ ಪರದೆಯಲ್ಲಿ ಯಾವಳೋ ಹೆಣ್ಣುಮಗಳ ವಾಟ್ಸ್ಯಾಪ್ ಸಂದೇಶಗಳನ್ನು ಕೆಂಪು ವೃತ್ತ ಹಾಕಿ ತೋರಿಸುವಾಗ ಇವು ನೆನಪಾಗುತ್ತವೆ.

ಗಣಿ ನಾಯಿಯ ಪ್ರಸಂಗವನ್ನು ಬಿಡುವ ಹಾಗಿಲ್ಲ. 1911ರ ನವೆಂಬರಿನಲ್ಲಿ ಭೂಕಂಪವೊಂದು ಸುದ್ದಿಯಾಯಿತು. ಭೂಕಂಪವಾದಾಗಲೆಲ್ಲ ಪ್ರೆಸ್ಸೆ ಓದುಗರ ಅನುಭವದ ಪತ್ರಗಳನ್ನು ಸಾಲುಸಾಲಾಗಿ ಪ್ರಕಟಿಸುತ್ತಿತ್ತು. ಬರೆದವನ ಹೆಸರಿನ ಹಿಂದೆ ಪದವಿ ಇದ್ದರೆ ಸಾಕು, ಪ್ರಶ್ನೆಯಿಲ್ಲ. 1908ರಲ್ಲೇ ಕ್ರೌಸ್ ಸುಳ್ಳು ಹೆಸರಿನ ಎಂಜಿನಿಯರಾಗಿ, ಭೂಕಂಪಗಳಲ್ಲಿ ಭೂಮಿಯದು ಯಾವುದು, ಬ್ರಹ್ಮಾಂಡದ್ದು ಯಾವುದು ಎಂದು ವಿಂಗಡಿಸುವ ಶುದ್ಧ ಬೊಗಳೆಯನ್ನು ಕಳಿಸಿ ಅಚ್ಚು ಮಾಡಿಸಿದ್ದ. ಈ ಸಲ ಆರ್ಟುರ್ ಶ್ಯುಟ್ಸ್ ಎಂಬ ನಿಜವಾದ ಎಂಜಿನಿಯರ್ ಆ ಆಟ ಮುಂದುವರಿಸಿದ. ‘ಡಾಕ್ಟರ್ ಫಾನ್ ವಿಂಕ್ಲರ್’ ಹೆಸರಿನಲ್ಲಿ, ಯಂತ್ರಗಳ ವಿವರವನ್ನು ತಲೆಬುಡವಿಲ್ಲದೆ ಹೆಣೆದು, ಪ್ರಯೋಗಾಲಯದಲ್ಲಿ ಮಲಗಿದ್ದ ತನ್ನ ಗಣಿ ನಾಯಿ ಕಂಪನಕ್ಕೆ ಅರ್ಧ ಗಂಟೆ ಮೊದಲೇ ಚಡಪಡಿಸತೊಡಗಿತ್ತು ಎಂದು ಬರೆದ. ನವೆಂಬರ್ 18ರ ಪ್ರೆಸ್ಸೆಯಲ್ಲಿ ಅದು ಪ್ರಕಟವಾಯಿತು. ಗಣಿ ಕಾರ್ಮಿಕರ ಮಾತಿನಲ್ಲಿ ಗಣಿ ನಾಯಿ ಎಂದರೆ ಅದಿರು ಸಾಗಿಸುವ ತಳ್ಳುಬಂಡಿ. ಕ್ರೌಸ್ ಆ ಬಂಡಿಯನ್ನು ವರ್ಷಗಟ್ಟಲೆ ಬೊಗಳಿಸಿದ.

ಪತ್ರಿಕೆಯನ್ನು ವಿಮರ್ಶಿಸುವವನು ಪತ್ರಿಕೆಗೆ ಸುಳ್ಳು ಕಳಿಸಬಹುದೇ? ಒಂದು ಮಟ್ಟಿಗೆ ನಾನು ಶ್ಯುಟ್ಸ್‌ನ ಪಕ್ಷ. ಆ ನಾಯಿ ಯಾರನ್ನೂ ಕಚ್ಚಲಿಲ್ಲ. ಗಣಿಯ ಬಗ್ಗೆ ತಿಳಿದ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು, ಬಂಡಿ ಡೆಸ್ಕಿನಲ್ಲೇ ನಿಲ್ಲುತ್ತಿತ್ತು. ಆದರೆ ಸುಳ್ಳು ಹೆಸರಿನ ಫೋನು, ಬಟನ್ ಕ್ಯಾಮೆರಾ, ಹಾಸಿಗೆಯ ಪಕ್ಕದ ರೆಕಾರ್ಡರು, ಇವೂ ನಾವು ಪರೀಕ್ಷಿಸುತ್ತಿದ್ದೆವು ಎಂಬ ನೆಪದಲ್ಲೇ ಬಂದವು. ನಾನಂತೂ ಆ ದಾರಿ ತುಳಿಯುವವಳಲ್ಲ.

ಇಮ್ರೆ ಬೇಕೆಶಿಯ ಪ್ರಸಂಗಕ್ಕೆ ಬಂದರೆ ನಮ್ಮ ಓದುಗರಿಗೆ ವಿಯೆನ್ನಾ ತೀರಾ ಹತ್ತಿರವಾಗುತ್ತದೆ. ಮಹಾಯುದ್ಧದ ನಂತರ ಹಂಗೆರಿಯಿಂದ ಬಂದ ಈತ 1923ರಲ್ಲಿ ‘ಡಿ ಶ್ಟುಂಡೆ’ ಎಂಬ ದಿನಪತ್ರಿಕೆ ತೆಗೆದ. ಬಣ್ಣದ ಮಾತು, ಚಿತ್ರ, ಗಾಳಿಸುದ್ದಿ. ಮುಂದೆ ಹಾಲಿವುಡ್‌ನಲ್ಲಿ ದೊಡ್ಡ ನಿರ್ದೇಶಕನಾದ ಬಿಲ್ಲಿ ವೈಲ್ಡರ್ ಹುಡುಗನಾಗಿ ಇಲ್ಲಿ ವರದಿಗಾರನಾಗಿದ್ದ. ಪತ್ರಿಕೆಯ ನಿಜವಾದ ವ್ಯಾಪಾರ ಬೇರೆ. ಹೋಟೆಲಿನವನೋ ಬ್ಯಾಂಕಿನವನೋ ಜಾಹೀರಾತು ಕೊಟ್ಟರೆ ಸರಿ, ಇಲ್ಲವಾದರೆ ಅವನ ಬಗ್ಗೆ ಬರೆಯುತ್ತೇವೆ ಎಂಬ ಬೆದರಿಕೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇದಕ್ಕೆ ರೋಲ್‌ಕಾಲ್ ಎನ್ನುತ್ತಾರೆ. ಬಿಲ್ಡರ್, ಡಾಕ್ಟರ್, ತಾಲೂಕು ಕಚೇರಿಯ ಗುಮಾಸ್ತ, ಎಲ್ಲರಿಗೂ ಆ ಪದ ಗೊತ್ತು. ಪ್ರೆಸ್ ಎಂದು ಬರೆಸಿಕೊಂಡ ಬೈಕು ಬಾಗಿಲಲ್ಲಿ ನಿಂತರೆ ಯಾಕೆಂದೂ ಗೊತ್ತು.

ಬೇಕೆಶಿಯ ವಿಷಯ ವಿಯೆನ್ನಾದ ಎಲ್ಲ ಸಂಪಾದಕರಿಗೂ ತಿಳಿದಿತ್ತು. ಬಾಯಿ ಬಿಟ್ಟವರು ವಿರಳ. ಕ್ರೌಸ್ ಬರೆದ. ಶ್ಟುಂಡೆ ಅವನ ಮೇಲೆ ಮುಗಿಬಿತ್ತು. ಸೋದರಿಯ ಜೊತೆ ತೆಗೆಸಿಕೊಂಡಿದ್ದ ಬಾಲ್ಯದ ಫೋಟೋವೊಂದನ್ನು ಎಲ್ಲಿಂದಲೋ ಸಂಪಾದಿಸಿ, ಕಿವಿ ದೊಡ್ಡದು ಮಾಡಿ, ಮುಖ ವಿಕಾರಗೊಳಿಸಿ ಪ್ರಕಟಿಸಿತು. 1925ರ ಸುಮಾರಿಗೆ ಇದು. ಫೋಟೋಶಾಪು ಬರುವ ಮುಂಚಿನ ಕೈಚಳಕ. ಕ್ರೌಸ್ ಕಾನೂನಿನ ಮೊರೆ ಹೋದ. ತುಂಬಿದ ಸಭಾಂಗಣಗಳಲ್ಲಿ ನಿಂತು, ಈ ನೀಚನನ್ನು ಊರು ಬಿಡಿಸಬೇಕು, ಎಂದು ಹೆಸರು ಹಿಡಿದೇ ಕೂಗಿದ. ದಾಖಲೆ ಮೇಲೆ ದಾಖಲೆ ಅಚ್ಚುಹಾಕಿದ. 1926ರ ಜುಲೈ ಹೊತ್ತಿಗೆ ಬೇಕೆಶಿ ವಿಯೆನ್ನಾದಿಂದ ಕಾಲು ಕಿತ್ತಿದ್ದ. ಮರುವರ್ಷ ಪೊಲೀಸರ ಗುಂಡಿಗೆ ಜನ ಹತ್ತಾರು ಲೆಕ್ಕದಲ್ಲಿ ಸತ್ತಾಗ, ಪೊಲೀಸ್ ಮುಖ್ಯಸ್ಥ ಶೋಬರ್ ರಾಜೀನಾಮೆ ಕೊಡಬೇಕೆಂದು ಕ್ರೌಸ್ ಊರೆಲ್ಲ ಪೋಸ್ಟರ್ ಅಂಟಿಸಿದ. ಅದಕ್ಕೂ ಅಡಿಯಲ್ಲಿ ತನ್ನ ಹೆಸರು ಹಾಕಿದ. ಶೋಬರ್ ಮಿಸುಕಲಿಲ್ಲ.

ಹೆಸರು ಹಾಕುವ ಧೈರ್ಯದ ಹಿಂದೆ ದೊಡ್ಡ ಶ್ರಮ ಇತ್ತು. ಕ್ರೌಸ್ ರಾತ್ರಿಯಿಡೀ ಕೂತು ಬರೆಯುವವನು, ಹಗಲು ನಿದ್ದೆ. ಮುದ್ರಕ ಗೆಯೋರ್ಗ್ ಯಾಹೋಡಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಪ್ರೂಫು ತಿದ್ದುವ ಚಟವನ್ನು ಸಹಿಸಿಕೊಂಡ. ಒಂದೇ ಪುಟ ಮತ್ತೆ ಮತ್ತೆ ಹೋಗಿ ಬರುತ್ತಿತ್ತು. ಸಂಗೀತಗಾರ ಎರ್ನ್‌ಸ್ಟ್ ಕ್ರೆನೆಕ್ ನೆನಪಿಸಿಕೊಂಡ ಪ್ರಸಂಗವೊಂದಿದೆ. ಜಪಾನ್ ಶಾಂಘೈ ಮೇಲೆ ಬಾಂಬು ಹಾಕುತ್ತಿದ್ದ ದಿನಗಳವು, ಕ್ರೌಸ್ ಯಾವುದೋ ಅಲ್ಪವಿರಾಮದ ಜೊತೆ ಗುದ್ದಾಡುತ್ತಿದ್ದ. ಈ ವಿರಾಮಚಿಹ್ನೆಗಳನ್ನು ನೋಡಿಕೊಳ್ಳಬೇಕಾದವರು ಸರಿಯಾಗಿ ನೋಡಿಕೊಂಡಿದ್ದರೆ ಶಾಂಘೈ ಉರಿಯುತ್ತಿರಲಿಲ್ಲ ಎಂಬ ಅರ್ಥದ ಮಾತು ಹೇಳಿದನಂತೆ. ಡೆಸ್ಕಿನಲ್ಲಿ ನಮ್ಮ ಹುಡುಗರಿಗೆ ಇದನ್ನು ಹೇಳಿದಾಗ ನಕ್ಕರು. ನಗಲಿ. ‘ಎನ್ನಲಾಗಿದೆ’ ಎಂಬ ಒಂದು ಪದ ಹಾರಿಹೋಗಿ ಆರೋಪಿ ಅಪರಾಧಿಯಾದ ಕಾಪಿಗಳನ್ನು ಅವರೂ ನೋಡಿದ್ದಾರೆ.

ಇಷ್ಟೆಲ್ಲ ಕಟ್ಟುಪಾಡು ಹಾಕಿಕೊಂಡವನು ಒಂದನ್ನು ಮಾತ್ರ ಹಾಕಿಕೊಳ್ಳಲಿಲ್ಲ. ತನಗೆ ಉತ್ತರ ಕೊಡಲು ಯಾರಿಗೂ ಜಾಗ ಬಿಡಲಿಲ್ಲ. ಮೊದಲ ದಶಕದಲ್ಲಿ ಸ್ಟ್ರಿಂಡ್‌ಬರ್ಗ್, ವೆಡೆಕಿಂಡ್, ಹೈನ್ರಿಖ್ ಮಾನ್‌ರಂಥವರ ಬರಹ ಫಾಕೆಲ್‌ನಲ್ಲಿ ಬಂದಿತ್ತು. 1911ರ ಕೊನೆಯ ಹೊತ್ತಿಗೆ ಪುಟಪುಟವನ್ನೂ ಅವನೊಬ್ಬನೇ ಬರೆಯತೊಡಗಿದ. ಬೇರೆ ಪತ್ರಿಕೆಗಳು ತಪ್ಪು ಬರೆದರೆ ಕಾನೂನಿನ ಕಲಂ ಹಿಡಿದು ತಿದ್ದುಪಡಿ ಹಾಕಿಸುತ್ತಿದ್ದ. ಇಪ್ಪತ್ತರ ದಶಕದಲ್ಲಿ ವಕೀಲ ಓಸ್ಕರ್ ಸಾಮೆಕ್ ಜೊತೆಯಾದ ಮೇಲೆ ಮೊಕದ್ದಮೆಗಳಿಗೆ ಲೆಕ್ಕವೇ ಇಲ್ಲ. ಆದರೆ ಅವನ ಏಟು ತಿಂದವನು ಅವನ ಪುಟದಲ್ಲಿ ಬಾಯಿ ತೆರೆದರೆ, ಅದೂ ಇನ್ನೊಂದು ಏಟಿಗೆ ಸಾಮಗ್ರಿಯಾಗುತ್ತಿತ್ತು ಅಷ್ಟೆ.

ಇದರ ಬೆಲೆ ಎರಡು ಸಲ ಎದ್ದು ಕಾಣುತ್ತದೆ. 1899ರಲ್ಲಿ ಯುರೋಪೆಲ್ಲ ಫ್ರಾನ್ಸಿನ ಡ್ರೈಫಸ್ ಪ್ರಕರಣದ ಬಗ್ಗೆ ಮಾತಾಡುತ್ತಿತ್ತು. ವಿಯೆನ್ನಾದ ಉದಾರವಾದಿ ಪತ್ರಿಕೆಗಳು ದೇಶದ್ರೋಹದ ಆರೋಪ ಹೊತ್ತಿದ್ದ ಆ ಯಹೂದಿ ಸೇನಾಧಿಕಾರಿಯ ಪರ. ಕ್ರೌಸ್ ತಾನೂ ಯಹೂದಿ ಮನೆತನದವನು. ಆದರೆ ಪ್ರೆಸ್ಸೆ ಹೇಳಿದ್ದೆಲ್ಲ ಅನುಮಾನಾಸ್ಪದ ಎಂಬ ಜಿದ್ದಿನಲ್ಲಿ, ಡ್ರೈಫಸ್ ನಿರಪರಾಧಿ ಎಂಬುದನ್ನು ನಂಬದ ಜರ್ಮನ್ ಸಮಾಜವಾದಿ ವಿಲ್ಹೆಲ್ಮ್ ಲೀಬ್ಕ್ನೆಖ್ಟ್‌ನ ಲೇಖನಗಳನ್ನು ಪ್ರಕಟಿಸಿದ. ಡ್ರೈಫಸ್ 1906ರಲ್ಲಿ ದೋಷಮುಕ್ತನಾದ. ಪ್ರೆಸ್ಸೆ ನೂರು ವಿಷಯಗಳಲ್ಲಿ ಸುಳ್ಳಾಡಿರಬಹುದು, ಈ ವಿಷಯದಲ್ಲಿ ಸರಿಯಿತ್ತು. ಪತ್ರಿಕೆಗಳ ಟೀಕೆಯನ್ನೇ ಕಸುಬು ಮಾಡಿಕೊಂಡವರಿಗೆ ಇದು ಹತ್ತುವ ರೋಗ. ಪತ್ರಿಕೆಯ ಹೆಸರು ನೋಡಿಯೇ ತೀರ್ಪು ಬರೆದುಬಿಡುತ್ತೇವೆ.

ಎರಡನೆಯದು ಕೊನೆಗಾಲದ್ದು. ಹಿಟ್ಲರ್ ಬಂದ ವರ್ಷ ಕ್ರೌಸ್ ದೊಡ್ಡದೊಂದು ಕೃತಿ ಬರೆದೂ ಅಚ್ಚಿಗೆ ಕೊಡದೆ ಹಿಡಿದುಕೊಂಡ. ತನ್ನ ಮಾತಿಗಾಗಿ ಜರ್ಮನಿಯಲ್ಲಿ ಸಿಕ್ಕಿಕೊಂಡ ಇನ್ನಾರಿಗೋ ಪೆಟ್ಟು ಬಿದ್ದೀತು ಎಂಬ ಅಂಜಿಕೆಯೂ ಅದಕ್ಕೆ ಕಾರಣ. ಆ ಅಕ್ಟೋಬರಿನಲ್ಲಿ ಬಂದ ಫಾಕೆಲ್ ನಾಲ್ಕೇ ಪುಟದ್ದು. ಓದುಗರು ಕಂಗಾಲಾದರು. 1934ರ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಚಾನ್ಸಲರ್ ಡಾಲ್‌ಫುಸ್ ಫಿರಂಗಿ ಇಟ್ಟು ಕಾರ್ಮಿಕರನ್ನು ಬಗ್ಗುಬಡಿದ. ಜುಲೈನಲ್ಲಿ ಮುನ್ನೂರಕ್ಕೂ ಹೆಚ್ಚು ಪುಟಗಳ ಸಂಚಿಕೆ ತೆಗೆದ ಕ್ರೌಸ್, ಫಾಕೆಲ್ ಯಾಕೆ ಬರುತ್ತಿಲ್ಲ ಎಂದು ವಿವರಿಸಿದ. ಹಿಟ್ಲರನನ್ನು ತಡೆಯಲು ಡಾಲ್‌ಫುಸನೇ ಗತಿ ಎಂಬ ನಿಲುವು ಅದರಲ್ಲಿತ್ತು. ವರ್ಷಗಟ್ಟಲೆ ಅವನನ್ನು ಓದಿದ ಎಡಪಂಥೀಯ ತರುಣರು ಮುಖ ತಿರುಗಿಸಿದರು. ಅವನ ಭಾಷಣಗಳಿಗೆ ತಪ್ಪದೆ ಹೋಗುತ್ತಿದ್ದ ಎಲಿಯಾಸ್ ಕಾನೆಟಿಯೂ ದೂರ ಸರಿದ. ಅವರ ಸಿಟ್ಟನ್ನೂ ಪ್ರಶ್ನೆಗಳನ್ನೂ ಅವರದೇ ಮಾತಿನಲ್ಲಿ ಪೂರ್ತಿಯಾಗಿ ಪ್ರಕಟಿಸಿ ಉತ್ತರಿಸಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ. ಅವನಿಗೆ ಅದು ಹೊಳೆಯಲೇ ಇಲ್ಲ. 1936ರ ಫೆಬ್ರವರಿಯಲ್ಲಿ ಕೊನೆಯ ಸಂಚಿಕೆ ಬಂತು. ಅದೇ ತಿಂಗಳು ರಸ್ತೆಯಲ್ಲಿ ಸೈಕಲ್ಲೊಂದು ಗುದ್ದಿತು. ಜೂನ್ 12ರಂದು ತೀರಿಕೊಂಡ. ಪ್ರೆಸ್ಸೆ ಅವನಿಗಿಂತ ಮೂರು ವರ್ಷವೂ ಹೆಚ್ಚು ಬಾಳಲಿಲ್ಲ. ನಾಜಿಗಳು ಬಂದ ಮೇಲೆ 1939ರ ಆರಂಭದಲ್ಲಿ ಅದರ ಹೆಸರು ಅಳಿಯಿತು.

ನಿವೃತ್ತಿಯಾದ ಮೇಲೆ ನಾನೂ ಸಣ್ಣದೊಂದು ಮಾಸಿಕದಲ್ಲಿ ಪತ್ರಿಕೆಗಳ ಬಗ್ಗೆ ಬರೆಯುತ್ತಿದ್ದೇನೆ. ಕ್ರೌಸನಿಂದ ಕದ್ದದ್ದು ಕೆಲವಿದೆ. ಟೀಕಿಸುವ ಸಾಲನ್ನು ಹಿಂದುಮುಂದಿನ ವಾಕ್ಯಗಳ ಸಮೇತ, ತಾರೀಖು, ಪುಟಸಂಖ್ಯೆಯ ಸಮೇತ ಕೊಡುತ್ತೇನೆ. ವರದಿಗಾರ ಯಾರ ಜೊತೆ ಊಟ ಮಾಡಿದ ಎಂಬ ಗಾಸಿಪ್ ನನಗೆ ಬೇಡ, ಅಚ್ಚಾದದ್ದಷ್ಟೇ ಸಾಕು. ನಾನು ದುಡಿದ ಪತ್ರಿಕೆಯ ಮಾತು ಬಂದಾಗ, ಅಲ್ಲಿಂದ ನನಗೆ ಸಂಬಳ ಬರುತ್ತಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಅವನಿಂದ ಕಲಿಯದೆ ಇದ್ದದ್ದೂ ಒಂದಿದೆ. ಅಚ್ಚಿಗೆ ಹೋಗುವ ಮುಂಚೆ ಆ ವರದಿ ಬರೆದವರಿಗೆ ಫೋನ್ ಮಾಡುತ್ತೇನೆ.

ಹಾಗೆ ಮಾಡಿದಾಗ ಕಿರಿಯ ಗೆಳೆಯನೊಬ್ಬ ಅಂದ: “ಮೇಡಂ, ಆ ಹೆಡ್ಡಿಂಗ್ ನಂದಲ್ಲ. ನಾನು ಕೊಟ್ಟಿದ್ದೇ ಬೇರೆ. ರಾತ್ರಿ ಡೆಸ್ಕಲ್ಲಿ ಬದಲಾಯಿಸಿದಾರೆ, ನೀವೇ ನೋಡಿ,” ಎಂದು ಮೂಲ ಕಾಪಿಯನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದ. ಅವನು ಹೇಳಿದ್ದು ನಿಜವಾಗಿತ್ತು. ಲೇಖನದ ಅರ್ಧ ಭಾಗ ಬಿದ್ದುಹೋಯಿತು, ಉಳಿದರ್ಧ ಡೆಸ್ಕಿನ ಕಡೆ ತಿರುಗಿತು.

ಫಾಕೆಲ್‌ನ 1ರಿಂದ 922ರವರೆಗಿನ ಸಂಚಿಕೆಗಳು, ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ ಪುಟಗಳು, 2007ರಿಂದ ಆಸ್ಟ್ರಿಯಾದ ವಿಜ್ಞಾನ ಅಕಾಡೆಮಿಯ ಕೃಪೆಯಿಂದ ಪುಕ್ಕಟೆಯಾಗಿ ಓದಲು ಸಿಗುತ್ತವೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಪ್ರೆಸ್ಸೆಯ ಹಳೆಯ ಸಂಚಿಕೆಗಳನ್ನೂ ತನ್ನ ‘ಆನ್ನೋ’ ಸಂಗ್ರಹದಲ್ಲಿ ತೆರೆದಿಟ್ಟಿದೆ. ಎರಡನ್ನೂ ಅಕ್ಕಪಕ್ಕ ತೆರೆದರೆ ಕ್ರೌಸ್ ಕತ್ತರಿಸಿಕೊಂಡ ತುಣುಕಿನ ಮೇಲೆ ಕೆಳಗೆ ಏನಿತ್ತು, ಅವನು ಬಿಟ್ಟದ್ದು ಏನು ಎಂದು ಯಾರು ಬೇಕಾದರೂ ತಾಳೆ ನೋಡಬಹುದು. ಜರ್ಮನ್ ಚೆನ್ನಾಗಿ ಬಲ್ಲ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಈ ಕೆಲಸಕ್ಕೆ ಕೂರಬೇಕು. ಗಣಿ ನಾಯಿಯಿಂದ ಶುರು ಮಾಡಲಿ. ತಾರೀಖು ಮೇಲೆಯೇ ಕೊಟ್ಟಿದ್ದೇನೆ.